ಅಪ್ಪಣೆ ಬೇಡದ ದಾರಿ

“ಆ ಕಲ್ಲುಮೆಟ್ಟಿಲು ಹತ್ತಿ ಯಾಕೆ ಕಷ್ಟಪಡ್ತೀರಿ? ಗೇಟು ತೆಗೀತೀನಿ ಬನ್ನಿ. ನಮ್ಮಪ್ಪ ಊರಿಗೆಲ್ಲ ಅಪ್ಪಣೆ ಕೊಟ್ಟಿದ್ರು, ನಾನೂ ಕೊಟ್ಟಿದ್ದೀನಿ.”

ಹುಲ್ಲುಗಾವಲಿನ ಒಡೆಯ ಇಡ್ವಲ್ ನಗುನಗುತ್ತಲೇ ಹೇಳಿದ. ನೆರಿಸ್ ಮುಖ ಕೆಂಪಾಯಿತು.

“ನಿಮ್ಮ ಅಪ್ಪಣೆ ಯಾರಿಗೆ ಬೇಕಿತ್ತು?” ಎಂದವಳೇ ಮೆಟ್ಟಿಲು ಹತ್ತಿ ಬೇಲಿ ದಾಟಿಬಿಟ್ಟಳು.

ಪಾಪ, ಒಳ್ಳೆಯ ಮಾತಾಡಿ ಬೈಸಿಕೊಂಡ!

ವೇಲ್ಸ್‌ನ ಆ ಹಳ್ಳಿಯಲ್ಲಿ ಅಂಚೆ ಹಂಚುವ ನೆರಿಸ್, ಅವನ ಹುಲ್ಲುಗಾವಲಿನ ಮೂಲಕ ಹೊಳೆಗಿಳಿಯುವ ಕಾಲುದಾರಿಯನ್ನು ಸರ್ಕಾರಿ ನಕ್ಷೆಗೆ ಏರಿಸಲು ಎರಡು ವರ್ಷ ಮನೆಮನೆ ಅಲೆದು ಸಾಕ್ಷಿ ಬರೆಸಿದ್ದಳು. ಅಲ್ಲಿನ ಕಾನೂನಿನಂತೆ, ಇಪ್ಪತ್ತು ವರ್ಷ ಜನ ಯಾರನ್ನೂ ಕೇಳದೆ, ಕದ್ದುಮುಚ್ಚದೆ, ಜಗಳವಾಡದೆ ನಡೆದಿದ್ದರೆ ದಾರಿ ಊರಿನದು. ಒಡೆಯನ ಅಪ್ಪಣೆ ಇತ್ತೆಂದರೆ ಅದು ಬರೀ ಅವನ ಔದಾರ್ಯ. ನಾಳೆ ಹೊಸ ಒಡೆಯ ಬೀಗ ಜಡಿಯಬಹುದು. ಇಡ್ವಲ್ ಜಮೀನು ಮಾರಲು ಹೊರಟಿದ್ದಂತೂ ಎಲ್ಲರಿಗೂ ಗೊತ್ತಿತ್ತು.

‘ನಗ್ತಾನೇ ಕತ್ತು ಕೊಯ್ತಾನೆ...’ ಎಂದುಕೊಂಡಳು. ಆ ನಗುವೇ ಮತ್ತೆ ಮತ್ತೆ ನೆನಪಾಗಿ ತನ್ನ ಮೇಲೇ ಸಿಟ್ಟು ಬಂತು.

ಮರುದಿನ ಅಂಚೆ ಕೊಡಲು ಹೋದಾಗ, ತನ್ನ ತಪ್ಪೇನೆಂದು ಅವನೇ ಕೇಳಿದ. ಅವಳು ಕಾನೂನನ್ನು ಬಿಡಿಸಿ ಹೇಳಿದಳು.

“ಚರ್ಚಿನ ಹಾಡಿನ ಮೇಳದಲ್ಲಿ ಮೊದಲು ಯಾರು ಹಾಡ್ಬೇಕು ಅಂತ ಜಗಳ ಆದ್ಮೇಲೆ ನಿಮ್ಮಪ್ಪ ಇಪ್ಪತ್ತೆಂಟು ವರ್ಷ ಊರಲ್ಲಿ ಒಬ್ಬರ ಹತ್ರಾನೂ ಮಾತಾಡ್ಲಿಲ್ಲ. ಅಪ್ಪಣೆ ಯಾವ ಬಾಯಲ್ಲಿ ಕೊಟ್ರು?”

ಇಡ್ವಲ್ ತಲೆ ತಗ್ಗಿಸಿದ. ತೀರಿಕೊಂಡ ಅಪ್ಪನಿಗೆ ಒಳ್ಳೆಯ ಹೆಸರಿರಲೆಂದು ಈ ಸುಳ್ಳು ಕಟ್ಟಿದ್ದ. ಅದನ್ನೇ ಅಧಿಕಾರಿಗಳಿಗೆ ಬರೆದೂ ಕಳಿಸಿದ್ದ.

“ನೀವು ಸುಳ್ಳು ಹೇಳಿದ್ರೂ ನಾನು ನಡೀತೀನಿ,” ಎಂದಳು ನೆರಿಸ್. “ಬೀಗ ಹಾಕಿದ್ರೂ ನಡೀತೀನಿ.”

ವಿಚಾರಣೆಯ ದಿನ ಊರಿನ ಸಭಾಂಗಣ ತುಂಬಿತ್ತು. ದಾರಿ ನಕ್ಷೆಗೆ ಏರಿದರೆ ಜಮೀನು ಕೊಳ್ಳುವವನು ಹಿಂದೆ ಸರಿಯುತ್ತಾನೆಂದು ಇಡ್ವಲ್‌ಗೆ ಗೊತ್ತಿತ್ತು. ಆದರೂ ಎದ್ದುನಿಂತ.

“ನಾನು ಬರೆದಿದ್ದು ಸುಳ್ಳು. ನಮ್ಮಪ್ಪ ಬನ್ನಿ ಅನ್ಲಿಲ್ಲ, ಬೇಡ ಅಂತಲೂ ಅನ್ಲಿಲ್ಲ. ಜನ ಕಂಡ್ರೆ ಮುಖ ತಿರುಗಿಸ್ತಿದ್ರು, ಅಷ್ಟೇ. ಜನ ತಮ್ಮ ಪಾಡಿಗೆ ನಡೆದ್ರು.”

ನೆರಿಸ್ ಕಣ್ಣು ತುಂಬಿ ಬಂತು.

ದಾರಿ ಊರಿನದೆಂದು ತೀರ್ಪು ಬಂದ ಸಂಜೆ ನೆರಿಸ್ ಬಂದಾಗ ಇಡ್ವಲ್ ಕಲ್ಲುಮೆಟ್ಟಿಲ ಬಳಿ ನಿಂತಿದ್ದ.

“ಅಪ್ಪನ ವಿಷಯ ಎಲ್ಲರ ಮುಂದೆ ಹೇಳಿದ್ರಲ್ಲ... ನೋವಾಗ್ಲಿಲ್ವಾ?”

“ಆಯ್ತು. ಆದ್ರೆ ಅವರ ಥರ ಬಾಯಿ ಮುಚ್ಕೊಂಡೇ ಬದುಕೋಕೆ ನಂಗಿಷ್ಟ ಇಲ್ಲ. ನೀವಂದ್ರೆ ಇಷ್ಟ, ನೆರಿಸ್.” ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ. “ಹೊಳೆವರೆಗೂ ನಿಮ್ಮ ಜೊತೆ ಬರಲಾ?”

ಅವಳು ಅವನ ಕೈ ಹಿಡಿದೆಳೆದಳು.

“ಇನ್ನೂ ಅಪ್ಪಣೆ ಕೇಳ್ತೀಯಲ್ಲೋ... ನಡಿ.”