ಹೊಸ್ತಿಲಲ್ಲಿ ಆಡಿದ ಮಾತು

"ದಣಿವಾದ್ರೆ ಹಿನ್ನೀರಿನ ದಾರೀಲಿ ಸಿಗೋ ಪಾಳುಮನೆ ಜಗಲಿ ಮೇಲೆ ಕೂತ್ಕೊಳ್ಳಿ, ಅಡ್ಡಿಯಿಲ್ಲ. ಏಳುವಾಗ ಮಾತ್ರ ಬಾಯಿ ಮುಚ್ಕೊಂಡು ಎದ್ದು ಬನ್ನಿ. 'ಬರ್ತೀನಿ' ಅಂತ ಅಪ್ಪಿತಪ್ಪಿಯೂ ಅನ್ಬೇಡಿ," ಎಂದರು ಲಾಡ್ಜಿನ ಒಡತಿ.

ಅಕ್ಕ ನೀರಿನ ಬಾಟಲಿಗೆ ಮುಚ್ಚಳ ತಿರುಗಿಸುತ್ತ ನಕ್ಕಳು. "ಯಾಕೆ ಆಂಟಿ, ಅಂದ್ರೆ ನಾಲಿಗೆ ಬಿದ್ದು ಹೋಗುತ್ತಾ?"

"ನಾಲಿಗೆ ಬಿದ್ದು ಹೋಗಿದ್ರೆ ಎಷ್ಟೋ ವಾಸಿಯಿತ್ತು." ಒಡತಿ ನಗಲಿಲ್ಲ. ಒಣಹಾಕಿದ್ದ ಟವೆಲುಗಳಲ್ಲಿ ಮೆತ್ತಗಿರುವುದನ್ನೇ ಹುಡುಕಿ, ಬಿಸಿಲಿಗೆ ಕೆಂಪಾಗಿದ್ದ ಅವಳ ತಮ್ಮನ ಕುತ್ತಿಗೆಗೆ ಹೊದಿಸಿದರು. "ಚೀಲದ ಪಟ್ಟಿ ಉಜ್ಜುತ್ತಪ್ಪ, ಇದಿರ್ಲಿ," ಎಂದು ಒಳಗೆ ಹೋದರು.

ಆ ದ್ವೀಪಕ್ಕೆ ಅವರಿಬ್ಬರೂ ಬಂದು ಮೂರು ದಿನವಾಗಿತ್ತು. ಅಕ್ಕನಿಗೆ ಮೂವತ್ತಮೂರು, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬರಿಗಣ್ಣಿಗೆ ಕಾಣದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡುವವಳು; ಅದರಲ್ಲೂ ಕಾಣದಿದ್ದರೆ ಅಂಥದ್ದು ಇಲ್ಲವೇ ಇಲ್ಲ ಎನ್ನುವವಳು. ತಮ್ಮನಿಗೆ ಇಪ್ಪತ್ತೆರಡು. ಸಣಕಲಾಗಿ ಉದ್ದಕ್ಕೆ ಬೆಳೆದಿದ್ದ ಅವನು ಅವಳ ಬಾಯಲ್ಲಿ 'ಕಡ್ಡಿ'. ತಾನು ಹನ್ನೆರಡರವಳಿದ್ದಾಗ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿದವಳು, ಈಗ ಅವನ ಓದು ಮುಗಿದ ಖುಷಿಗೆ, ಬೆನ್ನಿಗೊಂದೊಂದು ಚೀಲ ಹಾಕಿಕೊಂಡು ಕರೆದುಕೊಂಡು ಬಂದಿದ್ದಳು. ಅವಳ ಚೀಲದ ಭಾರದ ಸಾಮಾನನ್ನೆಲ್ಲ ಅವನು ಕದ್ದು ತನ್ನ ಚೀಲಕ್ಕೆ ಹಾಕಿಕೊಂಡಿದ್ದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ಇದ್ದಳು.

ದೋಣಿಕಟ್ಟೆಯ ಸುತ್ತ ಜಾತ್ರೆಯಷ್ಟು ಜನ. ಬಾಡಿಗೆ ಸೈಕಲ್ಲುಗಳು, ತೂಗುಹಾಕಿದ ಈಜುಡುಪುಗಳು, ಹಣ್ಣಿನ ರಸದ ಅಂಗಡಿಗಳಿಂದ ಒಂದರ ಮೇಲೊಂದು ಬಿದ್ದು ಕಲಸಿಹೋದ ಹಾಡುಗಳು. ಅದನ್ನು ದಾಟಿ ಹಿನ್ನೀರಿನ ಕಡೆಗೆ ಹೊರಟರೆ ಅರ್ಧ ಗಂಟೆಯಲ್ಲಿ ಎಲ್ಲ ಸದ್ದೂ ಸತ್ತುಹೋಗುತ್ತಿತ್ತು. ಉಳಿಯುತ್ತಿದ್ದುದು ಕಾಲಡಿಯ ಮರಳಿನ ಚರಚರ ಒಂದೇ.

ಮನೆ ಸಿಕ್ಕಿದ್ದು ನಡುಮಧ್ಯಾಹ್ನ. ಮಾಡು ಒಂದು ಕಡೆ ಕುಸಿದಿತ್ತು. ಬಾಗಿಲು ಬಾಯಿ ತೆರೆದುಕೊಂಡಿತ್ತು. ಅಷ್ಟು ಬಿಸಿಲಿದ್ದರೂ ಒಳಗೆ ಒಂದು ಹನಿ ಬೆಳಕು ಹೊಕ್ಕಿರಲಿಲ್ಲ. ಹೊಸ್ತಿಲಿಗೆ ಸಾಲಾಗಿ ಒಂಬತ್ತು ಮೊಳೆ ಬಡಿದು, ಅವುಗಳ ತಲೆಗೆ ಉದ್ದ ಕೂದಲು ಸುತ್ತಿದ್ದರು. ಪಾಳುಮನೆಯ ಬಾವಲಿ ವಾಸನೆಯ ಜೊತೆಗೆ ಇನ್ನೊಂದು ವಾಸನೆ ಬರುತ್ತಿತ್ತು. ಈಗಷ್ಟೇ ತಲೆಗೆ ಹಚ್ಚಿಕೊಂಡ ಎಣ್ಣೆಯದು.

ಜಗಲಿಯ ಮೇಲೆ ಕೂತು ಇಬ್ಬರೂ ನೀರು ಕುಡಿದರು. ಏಳುವಾಗ ತಮ್ಮ ಪಿಸುಗುಟ್ಟಿದ, "ಅಕ್ಕಾ, ಆಂಟಿ ಹೇಳಿದ್ದು ನೆನಪಿದೆ ತಾನೆ? ಸುಮ್ನೆ ಬಾ."

ಅವನು ಪಿಸುಗುಟ್ಟಿದ್ದೇ ಅವಳಿಗೆ ತಮಾಷೆಯಾಯಿತು. ಹೊರಡುವಾಗ 'ಹೋಗ್ತೀನಿ' ಅನ್ನಬಾರದು, 'ಬರ್ತೀನಿ' ಅನ್ನಬೇಕು ಎಂದು ಅಮ್ಮ ಚಿಕ್ಕಂದಿನಿಂದ ತಿದ್ದಿದ ನಾಲಿಗೆ ಅವಳದು. ಕತ್ತಲೆಗೆ ಕೈ ಮುಗಿದು, ನಾಟಕದವರಂತೆ ದನಿ ಎತ್ತಿ ಹೇಳಿದಳು: "ಒಳಗಿರೋ ಅಜ್ಜಮ್ಮನವರೇ, ನೆರಳು ಕೊಟ್ಟಿದ್ದಕ್ಕೆ ಬಹಳ ಸಂತೋಷ. ನಾಳೆ ಬರ್ತೀವಿ. ಇಬ್ರೂ ಊಟಕ್ಕೇ ಬರ್ತೀವಿ!"

ಒಳಗೆ ನೆಲಕ್ಕೆ ತಟ್ಟೆ ಇಟ್ಟ ಸದ್ದಾಯಿತು. ತುಸು ತಡೆದು, ಎರಡನೆಯ ತಟ್ಟೆ.

ತಮ್ಮನ ಮುಖ ಬಿಳಿಚಿಕೊಂಡಿತು. "ಇಲಿ ಕಣೋ," ಎಂದಳು ಅಕ್ಕ. ಆದರೆ ಇಬ್ಬರೂ ಓಡುನಡಿಗೆಯಲ್ಲೇ ಹಿಂದಿರುಗಿದರು.

ಬೆಳಗ್ಗೆ ಅವಳು ಕಣ್ಣು ಬಿಟ್ಟಾಗ ಪಕ್ಕದ ಮಂಚ ಖಾಲಿಯಿತ್ತು. ಹುಡುಕಿಕೊಂಡು ಹೋದರೆ, ಹಿನ್ನೀರಿನ ದಾರಿಯಲ್ಲಿ ತಮ್ಮ ಬರಿಗಾಲಲ್ಲಿ ನಡೆದುಹೋಗುತ್ತಿದ್ದ. ಕೂಗಿದರೆ ತಿರುಗಿ ನೋಡಿ ನಗುತ್ತಾನೆ. ಕಾಲು ಮಾತ್ರ ನಿಲ್ಲುತ್ತಿಲ್ಲ. ಓಡಿಹೋಗಿ ತೋಳು ಹಿಡಿದು ನಿಲ್ಲಿಸಿದಳು.

"ಎಲ್ಲಿಗೋ ಹೊರಟೆ?"

"ನಾನೆಲ್ಲಿ ಹೊರಟೆ? ಕಾಲು ಹೊರಟಿದೆ, ನಾನು ಜೊತೇಲಿದೀನಿ ಅಷ್ಟೆ," ಎಂದ. ನಗುವೇ. ಆದರೆ ತುಟಿ ಅದುರುತ್ತಿತ್ತು.

ಬಿಸಿಲು ಹೊಡೆದಿದೆ ಎಂದುಕೊಂಡಳು. ಲಾಡ್ಜಿಗೆ ಎಳೆದು ತಂದು ಉಪ್ಪು ಸಕ್ಕರೆ ಕಲಸಿದ ನೀರು ಕುಡಿಸಿದಳು, ನಾಡಿ ಹಿಡಿದಳು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು. ಬಾಯಿ ತೆರೆ ಎಂದಾಗ ಅವನು ಕೆಮ್ಮಿದ. ಅವಳ ಅಂಗೈಗೆ ಬಿದ್ದದ್ದು ಒದ್ದೆ ಮರಳು, ಒಂದು ಚಮಚದಷ್ಟು. ಇದಕ್ಕೆ ಯಾವ ರೋಗದ ಹೆಸರೂ ಅವಳಿಗೆ ಹೊಳೆಯಲಿಲ್ಲ.

ಒಡತಿ ಬಾಗಿಲಲ್ಲಿ ನಿಂತು ಆ ಅಂಗೈಯನ್ನೇ ನೋಡುತ್ತಿದ್ದರು. "ಅಂದ್ರಾ?"

ಅಕ್ಕ ತಲೆ ತಗ್ಗಿಸಿದಳು. "ತಮಾಷೆಗೆ ಆಂಟಿ... ನಾಳೆ ಊಟಕ್ಕೆ ಬರ್ತೀವಿ ಅಂದೆ. ಇಬ್ರೂ ಅಂದೆ."

ಒಡತಿ ಬೈಯಲಿಲ್ಲ. ತಮ್ಮನನ್ನು ಮಂಚಕ್ಕೆ ಒರಗಿಸಿ, ಕಾಲಿನ ಮೇಲೆ ಎರಡು ದಿಂಬು ಹೇರಿ, ಪಕ್ಕದಲ್ಲೇ ಕೂತರು. ಆಮೇಲೆ ಹೇಳಿದರು.

ಆ ಮನೆಯವಳಿಗೆ ಒಬ್ಬನೇ ಮಗ. "ಬರ್ತೀನಮ್ಮ" ಎಂದು ದೋಣಿ ಹತ್ತಿದವನು ಬರಲಿಲ್ಲ. ಹಲಗೆಗಳು ತೇಲಿಬಂದವು. ಊರಿಗೆಲ್ಲ ಗೊತ್ತಾಯಿತು. ಅವಳಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. ಕನಿಕರಕ್ಕೆ, ಕಂಡವರೆಲ್ಲ "ಬರ್ತಾನೆ ಬಿಡಮ್ಮ" ಎಂದರು. ವರ್ಷಗಟ್ಟಲೆ ಎಂದರು. ಕೊನೆಗೆ ಅವಳು ದಡದಾಚೆಯಿಂದ ಒಬ್ಬ ಮಾಟಗಾರನನ್ನು ಕರೆಸಿ, ತನ್ನ ಕೂದಲನ್ನೇ ಕತ್ತರಿಸಿಕೊಟ್ಟು, ಹೊಸ್ತಿಲಿಗೆ ಮೊಳೆ ಬಡಿಸಿದಳು. ಇಲ್ಲಿ ನಿಂತು ಬರ್ತೀನಿ ಅಂದವನು ಬರಲೇಬೇಕು ಎಂದು.

"ಸತ್ತೋನಿಗೆ ಮಾಟ ಹೇಗೆ ತಾಗುತ್ತೆ? ಬದುಕಿರೋರಿಗೆ ತಾಗ್ತಿದೆ. ಅವಳೂ ಸತ್ತು ಎಷ್ಟೋ ಕಾಲವಾಯ್ತು. ಬಡಿಸೋದು ಮಾತ್ರ ನಿಂತಿಲ್ಲ." ಒಡತಿ ಸೆರಗಿನಿಂದ ಮುಖ ಒರೆಸಿಕೊಂಡರು. "ನಿಮ್ ಹಾಗೇ ಬಂದಿದ್ದ ಗಂಡ ಹೆಂಡ್ತಿ. ಎರಡು ದಿನ ಬಿಟ್ಟು ಸಿಕ್ಕಿದ್ರು. ತಟ್ಟೆ ಮುಂದೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತಿದ್ರು. ಗಂಟಲವರೆಗೂ ಮರಳು."

"ಮಾತು ಆಡಿದ್ದು ನಾನು. ಇವನನ್ನ ಯಾಕೆ ಎಳೀತಾಳೆ?"

"ತಾಯಿ ಅಲ್ವೇನಮ್ಮ? ಚಿಕ್ಕೋರಿಗೆ ಮೊದ್ಲು ಬಡಿಸ್ತಾಳೆ."

ಅಷ್ಟರಲ್ಲಿ ದಿಂಬುಗಳು ನೆಲಕ್ಕುರುಳಿದವು. ತಮ್ಮನ ಕಾಲುಗಳು ತಾವಾಗಿಯೇ ಮಂಚದಿಂದಿಳಿದಿದ್ದವು.

ನಾಲ್ಕು ಗಂಟೆಗೆ ದಡಕ್ಕೆ ಹೋಗುವ ದೋಣಿ. ದಿನಕ್ಕೆ ಅದೊಂದೇ. ಮಧ್ಯಾಹ್ನದವರೆಗೆ ಅವನನ್ನು ಹೇಗೋ ಹಿಡಿದಿಟ್ಟು, ಆಮೇಲೆ ಇಬ್ಬರು ಹೆಂಗಸರೂ ಸೇರಿ, ಚೀಲದ ಪಟ್ಟಿಯಿಂದ ಅವನ ಕೈಯನ್ನು ಅಕ್ಕನ ಕೈಗೆ ಕಟ್ಟಿ, ದೋಣಿಕಟ್ಟೆಗೆ ಎಳೆದುಕೊಂಡು ಹೊರಟರು. ಅಂಗಡಿ ಸಾಲಿನಲ್ಲಿ ಜನ ನಿಂತು ನೋಡಿದರು. ಕುಡಿದಿದ್ದಾನೆ ಅಂದುಕೊಂಡಿರಬೇಕು. ಹಣ್ಣಿನ ರಸದವನೊಬ್ಬ ಮಾತಿಲ್ಲದೆ ಅಂಗಡಿ ಬಿಟ್ಟು ಬಂದು ಅವನ ಇನ್ನೊಂದು ತೋಳು ಹಿಡಿದ. ಮೂರು ಜನಕ್ಕೂ ಅವನನ್ನು ತಡೆಯಲಾಗುತ್ತಿರಲಿಲ್ಲ. ಮೇಲಿನ ಅರ್ಧ ಮೈ ಅವರ ಕಡೆ ಬಾಗುತ್ತಿತ್ತು, ಕೆಳಗಿನ ಅರ್ಧ ಹಿಂದಕ್ಕೆ ಜಗ್ಗುತ್ತಿತ್ತು. ಪಾದದ ಚರ್ಮ ಕಿತ್ತು ಕಲ್ಲಿನ ಮೇಲೆ ರಕ್ತದ ಗೀಟು ಬೀಳುತ್ತಿತ್ತು.

"ಅಕ್ಕಾ, ಬಿಡ್ಬೇಡ್ವೇ. ನಾನು ಬಿಡು ಅಂದ್ರೂ ಬಿಡ್ಬೇಡ."

"ಬಾಯ್ಮುಚ್ಚು ಕಡ್ಡಿ. ಯಾರು ಬಿಡ್ತಾರೆ ನಿನ್ನ?"

ದೋಣಿ ಹಗ್ಗ ಕಟ್ಟುವ ಕಂಬಕ್ಕೆ ಅವನನ್ನು ಬಿಗಿದು ಕಟ್ಟುವಾಗ ಮೂರು ಗಂಟೆಯಾಗಿತ್ತು. ಅವನು ಮತ್ತೆ ಕೆಮ್ಮಿದ. ಈ ಸಲ ಬೊಗಸೆ ತುಂಬ ಮರಳು. ತುಟಿ ನೀಲಿಯಾಗುತ್ತಿತ್ತು. ನಾಲ್ಕು ಗಂಟೆಯವರೆಗೆ ಅವನ ಉಸಿರು ಉಳಿಯುವುದಿಲ್ಲ ಎಂದು ಅವಳ ಓದು ಅವಳಿಗೆ ಹೇಳಿತು.

"ಆಂಟಿ, ನಿಮ್ಮ ಕಾಲಿಗೆ ಬೀಳ್ತೀನಿ. ಏನಾದ್ರೂ ದಾರಿ ಇದ್ರೆ ಹೇಳಿ."

ಒಡತಿ ಅವಳ ಭುಜ ಹಿಡಿದು ತಡೆದರು. "ಮಾತು ಕೊಟ್ಟೋರೇ ಹೋಗಿ ವಾಪಸ್ ತಗೋಬೇಕು ಅಂತಾರೆ. ತಗೊಂಡು ಬಂದೋರನ್ನ ನಾನು ನೋಡಿಲ್ಲ. 'ನಾವು ಊಟಕ್ಕೆ ಬರಲ್ಲ' ಅನ್ನಿ. ಅಷ್ಟೇ ಅನ್ನಿ. ಬೇರೆ ಒಂದು ಮಾತೂ ಬೇಡ. ಆ ಹೊಸ್ತಿಲಲ್ಲಿ ಆಡಿದ ಮಾತು ಆಡಿದ ಹಾಗೇ ಆಗುತ್ತೆ."

"ದೋಣಿ ಹೊರಡೋ ಹೊತ್ತಿಗೆ ನಾನು ಬರದಿದ್ರೆ?"

"ಇವನನ್ನ ನಾನು ಹತ್ತಿಸ್ತೀನಿ. ನನ್ನ ಮಗನ ಹಾಗೆ ನೋಡ್ಕೋತೀನಿ. ಓಡಿ."

ಅಕ್ಕ ಅವನ ಹಣೆ ಮುಟ್ಟಿದಳು. 'ಬರ್ತೀನಿ' ಎನ್ನುವುದನ್ನು ನುಂಗಿಕೊಂಡಳು. ಯಾವ ಮಾತನ್ನೂ ನಂಬುವ ಹಾಗಿರಲಿಲ್ಲ ಈಗ.

ಓಡಿದಳು. ಮರಳಿನಲ್ಲಿ ಕಾಲು ಹೂತುಹೋಗುತ್ತಿತ್ತು. ಅರ್ಧ ದಾರಿ ಕಳೆದ ಮೇಲೆ ಹೂತುಹೋಗುವುದು ನಿಂತಿತು. ಕಾಲು ತಾನಾಗಿಯೇ ಓಡುತ್ತಿತ್ತು. ಈಗ ಅವಳಿಗೂ ಕರೆ ಬಂದಿತ್ತು.

ಮನೆ ಎದುರಾಯಿತು. ಎಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಕತ್ತಲೆಯಲ್ಲಿ ಮೊದಲು ಕಂಡಿದ್ದು ತಟ್ಟೆಗಳು. ಎರಡು. ಎರಡರಲ್ಲೂ ಗೋಪುರದ ಹಾಗೆ ಮರಳು. ಒಂದು ಅರ್ಧ ಖಾಲಿಯಾಗಿತ್ತು.

ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಕಾಲನ್ನು ತಡೆದಳು. ಉಗುರು ಸೀಳಿತು.

"ನಾವು ಊಟಕ್ಕೆ ಬರಲ್ಲ!"

ಒಳಗೆ ಸೀರೆಯ ಸರಭರ. ದನಿ ಮುದುಕಿಯದು, ಬಲು ಮೃದು. "ಬಂದಿದೀಯಲ್ಲ ಮಗಳೇ."

"ಬರಲ್ಲ! ನಾವು ಬರಲ್ಲ!"

"ದಣಿದಿದೀಯ. ಕೂತ್ಕೋ. ತಮ್ಮ ಎಲ್ಲಿ? ಅರ್ಧಕ್ಕೇ ಬಿಟ್ಟಿದಾನೆ ನೋಡು. ಸಣ್ಣ ಮಗು ಅದು. ಕರಿ ಅವನ್ನ."

ಒಂದು ಕೈ ಕತ್ತಲೆಯಿಂದ ಹೊರಬಂತು. ಮರಳಿನ ತುತ್ತು ಕಲಸಿ ಅರ್ಧ ಖಾಲಿಯಾದ ತಟ್ಟೆಯ ಮೇಲೆ ಎತ್ತಿ ಹಿಡಿಯಿತು. ತಿನ್ನುವ ಬಾಯಿ ಅಲ್ಲಿರಲಿಲ್ಲ. ತುತ್ತು ಕೈಯಿಂದ ಮಾಯವಾಯಿತು. ಅಷ್ಟು ದೂರದ ಕಂಬಕ್ಕೆ ಒರಗಿದ ತಮ್ಮನ ಗಂಟಲಲ್ಲಿ ಅದು ಇಳಿಯುವುದು ಅವಳಿಗೆ ಕಾಣಿಸಿದಂತಾಯಿತು. ಕೈ ಇನ್ನೊಂದು ತುತ್ತು ಕಲಸಿತು. ಇನ್ನೊಂದು.

"ಕರಿ ಅವನ್ನ. ತಮ್ಮ ಎಲ್ಲಿ?"

ಆಗ ದೂರದಲ್ಲಿ ದೋಣಿಯ ಭೋಂಕಾರ ಕೇಳಿತು. ಒಮ್ಮೆ. ಇನ್ನೊಮ್ಮೆ. ನಾಲ್ಕು ಗಂಟೆ! ಒಡತಿ ಹತ್ತಿಸಿದ್ದಾರೆ. ಹಗ್ಗ ಬಿಚ್ಚಿದೆ. ಅವನು ನೀರಿನ ಮೇಲಿದ್ದಾನೆ. ಈ ಕೈಗೆ ಎಟುಕದಷ್ಟು ದೂರ. ಅಕ್ಕನ ಎದೆ ಒಡೆದು ಸಂತೋಷ ಉಕ್ಕಿತು. ಅಳುತ್ತ, ನಗುತ್ತ ಕೂಗಿದಳು:

"ಅವನು ಇಲ್ಲ! ಇನ್ನು ಸಿಗಲ್ಲ ನಿನಗೆ! ಅವನು ಹೋದ!"

ಕೈ ನಿಂತಿತು.

ಮನೆಯೊಳಗೆ ಏನೂ ಅಲುಗಲಿಲ್ಲ. ಬೆರಳ ಸಂದಿನಿಂದ ಮರಳು ಸುರಿದುಹೋಯಿತು. ಮುದುಕಿ ಅರ್ಧ ಖಾಲಿಯಾದ ತಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ ತುಂಬಿದ್ದನ್ನೂ.

"ಹೋದನಾ?" ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದದ್ದು ಕನಿಕರ. "ಅಯ್ಯೋ ಕಂದ. ಹಾಗಾದ್ರೆ ನೀನಿಲ್ಲಿ ಊಟಕ್ಕೆ ಕೂರಬಾರದಮ್ಮ. ಹೊರಡು. ಅವನ ಹತ್ರ ಯಾರಾದ್ರೂ ಇರ್ಬೇಕು."

ಮೊಳೆಗಳಿಗೆ ಸುತ್ತಿದ್ದ ಕೂದಲು ಸಡಿಲವಾಯಿತು. ಅವಳ ಕಾಲು ಮತ್ತೆ ಅವಳದಾಯಿತು. ಮುದುಕಿ ಏನೆಂದಳು ಎಂಬುದು ಅವಳಿಗೆ ಆಗ ಅರ್ಥವಾಯಿತು.

"ಅಲ್ಲ... ಅದಲ್ಲ ಅಜ್ಜಿ! ದೋಣೀಲಿ ಹೋದ ಅಂದೆ! ಊರಿಗೆ! ಊರಿಗೆ ಹೋದ ಅಂದೆ!"

ಒಳಗೆ ಯಾರೂ ಇರಲಿಲ್ಲ. ಎಣ್ಣೆಯ ವಾಸನೆಯೂ ಇರಲಿಲ್ಲ. ಮುರಿದ ಮಾಡಿನಿಂದ ಬಿಸಿಲು ಇಳಿದು ಬರಿ ನೆಲವನ್ನು ತೋರಿಸುತ್ತಿತ್ತು. ಅವಳು ಆ ನೆಲಕ್ಕೆ ಬಿದ್ದು ಕೈಯಿಂದ ಬಡಿದಳು. ಕೂಗಿದಳು. ಬರ್ತೀವಿ ಅಂದಳು, ಇಬ್ಬರೂ ಬರ್ತೀವಿ ಅಂದಳು, ನಾನೊಬ್ಬಳೇ ಬರ್ತೀನಿ ಅಂದಳು. ಆ ಮಾತನ್ನು ತೆಗೆದುಕೊಳ್ಳುವವರು ಯಾರೂ ಇರಲಿಲ್ಲ.

ದೋಣಿಕಟ್ಟೆಗೆ ಅವಳು ಬಂದಾಗ, ಹೊರಡಬೇಕಾಗಿದ್ದ ದೋಣಿ ಇನ್ನೂ ಅಲ್ಲೇ ಇತ್ತು. ಅಂಗಡಿಗಳ ಹಾಡುಗಳನ್ನೆಲ್ಲ ಯಾರೋ ನಿಲ್ಲಿಸಿದ್ದರು. ಕಂಬದ ಬುಡದಲ್ಲಿ ಒಡತಿ ಕಾಲು ಚಾಚಿ ಕೂತು, ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತುಟಿಯ ಮೇಲಿನ ಮರಳನ್ನು ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ಒರೆಸುತ್ತಿದ್ದರು.

"ಚೆನ್ನಾಗಾಗಿದ್ದ ಕಣಮ್ಮ," ಎಂದರು ತಲೆಯೆತ್ತದೆ. "ಭೋಂ ಅಂದಾಗ ಹಗ್ಗ ಬಿಚ್ಚಿದೆ. 'ಕಾಲು ನಂದೇ ಆಯ್ತು ಆಂಟಿ' ಅಂತ ನಕ್ಕ. ಎರಡು ಹೆಜ್ಜೆ ಇಟ್ಟ. ಆಮೇಲೆ ದೀಪ ಊದಿದ ಹಾಗೆ..." ಬಟ್ಟೆಯನ್ನು ಮತ್ತೆ ಒದ್ದೆ ಮಾಡಿಕೊಂಡರು. "ಅಲ್ಲಿ ಏನಂದ್ರಮ್ಮ? ನಾನು ಹೇಳಿದ್ದನ್ನೇ ಅಂದ್ರಿ ತಾನೆ?"

ಅಕ್ಕ ಬಗ್ಗಿದಳು. ಅವನನ್ನು ಎತ್ತಿಕೊಳ್ಳಲು ನೋಡಿದಳು. ಅಷ್ಟು ಉದ್ದದ ಹುಡುಗ, ಅವಳ ತೋಳಿಗೆ ಒಗ್ಗಲಿಲ್ಲ. ಹಣ್ಣಿನ ರಸದವನು ಬಂದು ಕಾಲ ಕಡೆ ಹಿಡಿದ. ದೋಣಿಯ ಉದ್ದದ ಬೆಂಚಿನಿಂದ ಪ್ರವಾಸಿಗರು ಒಬ್ಬೊಬ್ಬರಾಗಿ ಎದ್ದು ನಿಂತು ಜಾಗ ಬಿಟ್ಟರು. ಗುರುತು ಪರಿಚಯವಿಲ್ಲದ ಒಬ್ಬ ಹೆಂಗಸು ತನ್ನ ಚೀಲದಿಂದ ಬಟ್ಟೆ ತೆಗೆದು ಮಡಿಸಿ, ಅವನ ತಲೆಯ ಕೆಳಗೆ ಇಟ್ಟು, ನೋವಾಗಬಾರದೆಂಬಂತೆ ಮೆಲ್ಲಗೆ ಕೈ ತೆಗೆದಳು.