ಎಲ್ಲರ ಬಾಯಲ್ಲೂ ಒಂದೇ ದವಡೆ

ಸೂಜಿ ನನ್ನ ವಸಡಿಗೆ ಇಳಿಯಿತು!

ಪೈಲ್ವಾನನೊಬ್ಬ ನನ್ನ ಎರಡೂ ಕೈಗಳನ್ನು ಕುರ್ಚಿಗೆ ಅದುಮಿ ಹಿಡಿದಿದ್ದ. ಡಾಕ್ಟರ್ ನಗುತ್ತಲೇ ಸಿರಿಂಜ್ ಒತ್ತಿದ.

"ಬಾಯಿ ಮುಚ್ಚಿಸೋ ಔಷಧಿ, ಪತ್ತೇದಾರ್ರೇ! ಪಕ್ಕದ ರೂಮಲ್ಲಿ ಪೇಶೆಂಟ್ ಮಲಗಿದಾರೆ. ದವಡೆ ಕೊರೆದು ಬರ್ತೀನಿ." ಪೈಲ್ವಾನನ ಕಡೆ ತಿರುಗಿದ. "ಅಲ್ಲೀವರೆಗೂ ಇವನನ್ನ ಬಿಡ್ಬೇಡ!"

ಹೋದ.

ಪಕ್ಕದ ರೂಮಿನಲ್ಲಿ ಮಲಗಿದ್ದವಳು ನನ್ನ ಅಕ್ಕ!

ತಾಳಿ... ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಅಕ್ಕ ಕೊಳಲು ಟೀಚರ್. ಕೆಳದುಟಿಯೇ ಅವಳ ಅನ್ನ. ಕೊನೆಯ ಹಲ್ಲು ನೋವೆಂದು ಈ ಕ್ಲಿನಿಕ್ಕಿಗೆ ಬಂದಳು. ಗಾಜಿನ ಬಾಗಿಲು, ಎಸಿ, ತ್ರೀಡಿ ಸ್ಕ್ಯಾನ್ ಮೆಷಿನ್! ದವಡೆಯೊಳಗೆ ಗಡ್ಡೆ ಇದೆ, ಆಪರೇಷನ್ ಆಗಬೇಕು ಅಂದ ಡಾಕ್ಟರ್. ಸ್ಕ್ರೀನಿನ ಚಿತ್ರವನ್ನು ಅಕ್ಕ ಫೋನಿನಲ್ಲಿ ತೆಗೆದು ತಂದು ತೋರಿಸಿದಳು. ಅದೇ ಗಡ್ಡೆ, ಅದೇ ಜಾಗದಲ್ಲಿ, ಇದೇ ಕ್ಲಿನಿಕ್ಕಿಗೆ ಹೋಗಿದ್ದ ಪಕ್ಕದ ಮನೆ ಟೈಲರ್‌ನ ಚಿತ್ರದಲ್ಲೂ ಇತ್ತು!

"ಅಕ್ಕಾ, ಇದ್ರಲ್ಲೇನೋ ಮೋಸ ಇದೆ."

"ನಿನ್ ಕಣ್ಣಿಗೆ ಎಲ್ರೂ ಕಳ್ರೇ ಕಣೋ. ಮೆಷಿನ್ ಸುಳ್ಳು ಹೇಳುತ್ತಾ?"

ಆಪರೇಷನ್ ದಿನ ನಾನೂ ಪೇಶೆಂಟ್ ವೇಷದಲ್ಲಿ ಹೋದೆ. ಮೆಷಿನ್ ಗುಂಯ್ ಎಂದು ತಲೆಯ ಸುತ್ತ ತಿರುಗಿತು. ಡಾಕ್ಟರ್ ಸ್ಕ್ರೀನ್ ತೋರಿಸಿದ. ಅದೇ ಗಡ್ಡೆ! ಪಕ್ಕದಲ್ಲಿ ಸಾಲಾಗಿ ಹಲ್ಲು, ಬೇರು ಸಮೇತ.

"ಈ ಹಲ್ಲು ತೆಗೀಬೇಕು."

"ನೀವ್ಯಾಕೆ ಕಷ್ಟಪಡ್ತೀರಿ?" ಅಂದೆ. ಮೇಲಿನ ಸೆಟ್ಟು, ಕೆಳಗಿನ ಸೆಟ್ಟು... ಎರಡನ್ನೂ ಬಾಯಿಂದ ತೆಗೆದು ಅವನ ಟೇಬಲ್ ಮೇಲಿಟ್ಟೆ!

ಹೌದು. ನಾನು ಬೊಚ್ಚುಬಾಯಿಯವನು. ಹಳೆಯ ಕೇಸೊಂದರಲ್ಲಿ ಒಬ್ಬ ಕಬ್ಬಿಣದ ರಾಡ್ ಬೀಸಿ ಬಾಯಿ ಖಾಲಿ ಮಾಡಿದ್ದ. ನಿಜವಾಗಿ ಸ್ಕ್ಯಾನ್ ಮಾಡುವವರು ಮೊದಲು ಕಟ್ಟಿಸಿದ ಹಲ್ಲು ತೆಗೆಸುತ್ತಾರೆ, ಕಿವಿಯೋಲೆ ತೆಗೆಸುತ್ತಾರೆ. ಈ ಮಹಾಶಯ ನನ್ನ ಬಾಯಿ ತೆರೆಸಿಯೂ ನೋಡಿರಲಿಲ್ಲ!

ನಾನು ಪತ್ತೇದಾರ ಎಂದಾಗ ಅವನ ಮುಖ ಬಿಳಿಚಿತು. ಆಮೇಲೆ ಪೈಲ್ವಾನನನ್ನು ಕೂಗಿದ.

ಈಗ ಗೊತ್ತಾಯಿತಲ್ಲ, ಸೂಜಿ ಯಾಕೆ ಇಳಿಯಿತು ಅಂತ?

ಪೈಲ್ವಾನನ ತೋಳು ನನ್ನ ಮೂತಿಯ ಮುಂದೆಯೇ ಇತ್ತು. ಕಚ್ಚೋಣವೆಂದರೆ ಹಲ್ಲೆಲ್ಲಿ? ಬೆರಳಿಗೆ ಕುರ್ಚಿಯ ಬಟನ್ ಸಿಕ್ಕಿತು. ಒತ್ತಿದೆ! ಕುರ್ಚಿಯ ಬೆನ್ನು ಮೇಲೆದ್ದಿತು... ಜೊತೆಗೆ ನಾನೂ ಎದ್ದೆ. ನನ್ನ ಹಣೆ ಅವನ ಮೂಗಿಗೆ! ಟ್ರೇ ಸಮೇತ ಉರುಳಿಬಿದ್ದ.

ಓಡಿದೆ.

ಅಕ್ಕನ ಮುಖದ ಮೇಲೆ ಹಸಿರು ಬಟ್ಟೆ. ತೆರೆದ ಬಾಯಿ ಮಾತ್ರ ಕಾಣುತ್ತಿತ್ತು. ಡ್ರಿಲ್ ಆಗಲೇ ಕಿರುಗುಡುತ್ತಿತ್ತು.

"ನಿಲ್ಸೋ!" ಎಂದು ಕೂಗಿದೆ. ಮರಗಟ್ಟಿದ ಬಾಯಿಯಿಂದ ಹೊರಟದ್ದು "ಹಿಹೋ!" ಜೊತೆಗೊಂದಿಷ್ಟು ಜೊಲ್ಲು.

"ಯಾರೋ ಹುಚ್ಚ ನುಗ್ಗಿದಾನೆ ಮೇಡಂ. ನೀವು ಅಲುಗಾಡ್ಬೇಡಿ," ಎಂದ ಡಾಕ್ಟರ್, ಜೇನಿನಂಥ ದನಿಯಲ್ಲಿ.

ಅಕ್ಕ ಅಲುಗಾಡಲಿಲ್ಲ!

ಅವನ ಕೈ ಹಿಡಿದೆಳೆದರೆ ಅಕ್ಕನ ದವಡೆಯೇ ಸೀಳಿಹೋಗುತ್ತದೆ. ಕೆಳಗೆ ನೋಡಿದೆ. ಡ್ರಿಲ್ ಓಡುವುದು ಕಾಲಿನಿಂದ... ಅವನ ಬೂಟಿನ ಕೆಳಗೆ ಪೆಡಲ್ ಇತ್ತು. ನೆಲಕ್ಕೆ ಬಿದ್ದು ಪೆಡಲನ್ನು ಕಿತ್ತೆಳೆದೆ. ಡ್ರಿಲ್ ನಿಂತಿತು. ಅವನ ಕೈ ಅಕ್ಕನ ಬಾಯಿಂದ ಹೊರಬಂದ ಮೇಲೆ ಎದ್ದೆ. ಆಮೇಲೆ ನಾನು ಮಾಡಿದ್ದನ್ನು ಪೊಲೀಸರು 'ಡಾಕ್ಟರ್ ಜಾರಿಬಿದ್ದ' ಎಂದು ಬರೆದುಕೊಂಡರು.

ಮೆಷಿನ್ ಬಿಚ್ಚಿಸಿದರು. ಒಳಗೆ ಒಂದು ಮೋಟರು, ಒಂದು ನೀಲಿ ಬಲ್ಬು. ಅಷ್ಟೇ!

"ಎಲ್ಲರ ದವಡೆನೂ ಸುಮಾರಾಗಿ ಒಂದೇ ಥರ ಇರುತ್ತೆ ಸಾರ್," ಅಂದ ಡಾಕ್ಟರ್, ಇನ್‌ಸ್ಪೆಕ್ಟರ್‌ಗೆ.

ಥೂ! ಕಳ್ಳರನ್ನು ನೋಡಿದ್ದೇನೆ, ಕೊಲೆಗಾರರನ್ನು ನೋಡಿದ್ದೇನೆ. ಇಷ್ಟು ಹೇಸಿಗೆ ಯಾರ ಮೇಲೂ ಆಗಿರಲಿಲ್ಲ.

ಅಕ್ಕನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ಸರ್ಜನ್ ಮೇಡಂ ಓಲೆ, ಮೂಗುತಿ ತೆಗೆಸಿ ಸ್ಕ್ಯಾನ್ ಮಾಡಿಸಿದರು. ಅಕ್ಕನದೇ ದವಡೆ ಸ್ಕ್ರೀನ್ ಮೇಲೆ ನಿಧಾನವಾಗಿ ತಿರುಗಿತು. ಗಡ್ಡೆ ಇರಲಿಲ್ಲ. ಅಡ್ಡ ಮಲಗಿದ ಹಲ್ಲೊಂದಿತ್ತು.

"ಈ ಕೆಂಪು ಗೆರೆ ನರ. ಕೆಳದುಟಿಗೆ ಸ್ಪರ್ಶ ಕೊಡೋದು ಇದೇ. ಹಲ್ಲಿನ ಬೇರು ಇದರ ಮೇಲೇ ಕೂತಿದೆ. ಗಡ್ಡೆ ಅಂತ ಅಲ್ಲಿ ಕೊರೆದಿದ್ರೆ..." ಎಂದು ನಿಲ್ಲಿಸಿದರು. "ನಾನು ಬೇರು ಮುಟ್ಟಲ್ಲ. ಹಲ್ಲಿನ ಮೇಲ್ಭಾಗ ಅಷ್ಟೇ ಕತ್ತರಿಸಿ ತೆಗೀತೀನಿ."

ಹಾಗೇ ಮಾಡಿದರು. ಮರಗಟ್ಟಿದ್ದು ಇಳಿದ ಮೇಲೆ ಅಕ್ಕನ ಕೆಳದುಟಿಗೆ ಹತ್ತಿ ತಾಗಿಸಿದರು.

"ಗೊತ್ತಾಗುತ್ತಾ?"

"ಹ್ಞೂಂ... ಕಚಗುಳಿ ಆಗುತ್ತೆ."

ನನ್ನ ಕಣ್ಣು ತುಂಬಿತು. ನಾಚಿಕೆಯಿಲ್ಲದೆ ಅತ್ತೆ.

ಮೇಡಂ ಹೊರಗೆ ಹೋದರು. ಅಕ್ಕ ನನ್ನ ತೋಳು ಹಿಡಿದು ಹತ್ತಿರ ಎಳೆದಳು.

"ಆದ್ರೂ ಆ ಡಾಕ್ಟ್ರು ಎಷ್ಟು ಚೆನ್ನಾಗಿ ಮಾತಾಡ್ಸೋರು ಕಣೋ! ಈಯಮ್ಮ ಒಂದ್ಸಲನಾದ್ರೂ ನಕ್ಕಳಾ?"

ಎದ್ದು ಹೊರಗೆ ಬಂದೆ. ಅಕ್ಕನ ಮೇಲೆ ಕೈ ಎತ್ತುವ ಪದ್ಧತಿ ನಮ್ಮ ಮನೆಯಲ್ಲಿಲ್ಲ!