ಕೊನೆಯ ನಲವತ್ತು ಸೆಕೆಂಡು

"ಸಂಘಪಾಲ ಅಣ್ಣಾ, ನೀವು ಹಾಡು ಕೇಳ್ತೀರೋ, ಹಾಡಿನ ಪಂಚನಾಮಾ ಮಾಡ್ತೀರೋ?"

ಚಿತ್ತಾಪುರ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬೀರಲಿಂಗ ಕಳಿಸಿದ ಆ ಮೆಸೇಜು ಓದಿದ ಪೂನಮ್‌ಗೆ ನಗು ತಡೆಯಲಾಗಲಿಲ್ಲ. ಪಕ್ಕದ ಹೆಂಗಸು ತಿರುಗಿ ನೋಡಿದಳು. ಪೂನಮ್ ದುಪಟ್ಟಾ ಬಾಯಿಗೆ ಅಡ್ಡ ಹಿಡಿದುಕೊಂಡಳು.

ಸಂಘಪಾಲ ಅವಳ ತಮ್ಮ. ಅವನು ಹೊಸ ಫೋನು ಕೊಂಡಾಗ ಹಳೆಯದು ನಂಬರಿನ ಸಮೇತ ಅಕ್ಕನ ಪಾಲಿಗೆ ಬಂದಿತ್ತು. 'ಕಲಬುರಗಿ ರಾಕ್ ಮಂದಿ' ಎಂಬ ಟೆಲಿಗ್ರಾಂ ಗುಂಪಿಗೆ ಸೇರುವಾಗ ಅವಳು ಬೇಕೆಂತಲೇ ಹೆಸರು ಬದಲಿಸಲಿಲ್ಲ. ಹುಡುಗಿಯ ಹೆಸರು ಕಂಡರೆ ಹಾಡಿನ ಮಾತು ಬಿಟ್ಟು ಬೇರೆ ಮಾತು ಶುರುವಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗುಂಪಿನ ಮೂವತ್ತು ಮಂದಿಗೂ ಹುಚ್ಚು ಒಂದೇ. 'ನೀರಿಲ್ಲದ ನಲ್ಲಿ' ಎಂಬ ನಾಲ್ವರು ಹುಡುಗರ ರಾಕ್ ಬ್ಯಾಂಡು. ಮೊದಲ ಆಲ್ಬಮ್ಮನ್ನು ಅವರು ಯಾವುದೋ ತಗಡಿನ ಶೆಡ್ಡಿನಲ್ಲಿ ಮಾಡಿದ್ದರು, ಹಾಡಿನ ನಡುನಡುವೆ ಸೀಲಿಂಗ್ ಫ್ಯಾನು ಕಿರುಗುಟ್ಟುವುದೂ ಕೇಳುತ್ತಿತ್ತು. ಎರಡನೆಯದು, 'ಕರೆಂಟ್ ಬಂತು', ದೊಡ್ಡ ಸ್ಟುಡಿಯೋದಲ್ಲಿ ಮಾಡಿದ್ದು. ಟೆಲಿಗ್ರಾಂ ಗುಂಪಿನ ಮಂದಿ ಎರಡು ಬಣವಾದದ್ದು ಅದರಿಂದಲೇ.

"ಹಳೇ ಗಿಟಾರದಾಗ ಧೂಳಿತ್ತು. ಇದನ್ನ ಒಗೆದು ಇಸ್ತ್ರಿ ಮಾಡ್ಯಾರ. ಡ್ರಮ್ಮಂತೂ ಡಬ್ಬದೊಳಗ ಕುಂತಂಗದ," ಎಂದು ಪೂನಮ್ ಬರೆದಿದ್ದಳು.

"ಇಸ್ತ್ರಿ ಮಾಡಿದ್ರ ಅಂಗಿ ಬ್ಯಾರೆ ಆಗ್ತದೇನಣ್ಣಾ? ಪದಾ ನೋಡ್ರಿ," ಎಂದು ಬೀರಲಿಂಗ ಉತ್ತರಿಸಿದ್ದ. "ಒಂದು ಸಾಲಿಗೆ ಮೂರೇ ಪದ. ಚಂದ್ರ ಇಲ್ಲ, ಹೂವಿಲ್ಲ. ನಮ್ಮ ಮಂದಿ ಮಾತಾಡಿದಂಗದ."

ಬೀರಲಿಂಗ ಸೇಡಂ ಕಡೆಯ ಮುಧೋಳದವನು. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕಾರ್ಖಾನೆಯೊಂದರಲ್ಲಿ ಕಲ್ಲು ಕೊಯ್ಯುವ ಮಷೀನು ನಡೆಸುತ್ತಿದ್ದ. ಮಧ್ಯಾಹ್ನ ಒಂದೂ ಹತ್ತಕ್ಕೆ ಮಷೀನು ನಿಲ್ಲುತ್ತಲೇ ಅವನ ಮೆಸೇಜು ಬರುತ್ತಿತ್ತು. ಮಳಖೇಡದ ಬಳಿಯ ಸಿಮೆಂಟ್ ಪ್ಲಾಂಟಿನ ಲ್ಯಾಬಿನಲ್ಲಿ ಕೆಮಿಸ್ಟಾಗಿದ್ದ ಪೂನಮ್ ತನ್ನ ಊಟದ ಹೊತ್ತನ್ನು ಒಂದೂ ಹತ್ತಕ್ಕೆ ಸರಿಸಿಕೊಂಡಳು. ಜೊತೆಯವರು ಕೇಳಿದಾಗ ಕ್ಯಾಂಟೀನಿನಲ್ಲಿ ಆಗ ಗದ್ದಲ ಕಡಿಮೆಯೆಂದಳು.

ಅವನು ಕೆಲವೊಮ್ಮೆ ವಾಯ್ಸ್ ನೋಟ್ ಕಳಿಸುತ್ತಿದ್ದ. ಹಾಡಿನ ಸಾಲೊಂದನ್ನು ಗುನುಗಿ, "ಇಲ್ಲಿ ನೋಡ್ರಿ ಅಣ್ಣಾ, ಇಲ್ಲಿ ಉಸಿರು ಹಿಡೀತಾನ" ಎನ್ನುತ್ತಿದ್ದ. ಪೂನಮ್ ಅದನ್ನು ಒಂದು ಸಲ ಹಾಡಿಗಾಗಿ ಕೇಳುತ್ತಿದ್ದಳು. ಆಮೇಲಿನ ಐದಾರು ಸಲ ಯಾತಕ್ಕೆಂದು ತನ್ನನ್ನು ತಾನೇ ಕೇಳಿಕೊಳ್ಳಲಿಲ್ಲ.

ಎಲ್ಲಕ್ಕಿಂತ ದೊಡ್ಡ ಜಗಳ ಆಲ್ಬಮ್ಮಿನ ಕಡೆಯ ಹಾಡಿನದು. 'ಹೊರಗ ನಿಂತೀನಿ'. ಮುಚ್ಚಿದ ಬಾಗಿಲ ಮುಂದೆ ಒಬ್ಬ ನಿಂತಿದ್ದಾನೆ, ಕರೆಯುತ್ತಾನೆ, ಅಷ್ಟೇ. ಕೊನೆಯ ನಲವತ್ತು ಸೆಕೆಂಡು ಪದಗಳಿಲ್ಲ.

"ಬಾಗಿಲಾ ತೆಗಿಯಂಗಿಲ್ಲ, ಯಾರೂ ಓ ಅನ್ನಂಗಿಲ್ಲ. ಅದಕ್ಕೇ ಅದು ಹಾಡು," ಎಂದು ಬೀರಲಿಂಗ ಹಟ ಹಿಡಿದ.

"ಓ ಅಂತಾಳಲ್ಲ! ಕೊನೀಗೆ ಒಳಗಿಂದ ಒಬ್ಬಾಕಿ ಸಣ್ಣಗ ಅದೇ ಧಾಟಿ ಹಾಡ್ತಾಳ. ಬಾಗಿಲಾ ತೆಗ್ದಿಲ್ಲ, ಆದ್ರ ಬಾಗಿಲ ಹಿಂದೇ ನಿಂತಾಳ."

"ಯಾವ ದನಿ? ನನಗ್ಯಾಕ ಕೇಳವಲ್ದು?"

"ಫೋನ್ ಸ್ಪೀಕರಿನ್ಯಾಗ ಕೇಳಂಗಿಲ್ಲ. ಇಯರ್‌ಫೋನ್ ಹಾಕ್ಕೋರಿ."

"ಹಾಕ್ಕೊಂಡೇ ಕೇಳ್ತೀನಿ ಅಣ್ಣಾ. ನೀವು ಸುಮ್ಮ ಚ್ಯಾಷ್ಟಿ ಮಾಡಾಕತ್ತೀರಿ."

ಗುಂಪು ನಡೆಸುತ್ತಿದ್ದ ತಾಜುನ್ನಿಸಾ ವಾಡಿಯಲ್ಲಿ ಶಾಲೆಯ ಟೀಚರು. ಮೂರು ದಿನ ಈ ಜಗಳ ನೋಡಿ ಅವಳಿಗೆ ಸಾಕಾಯಿತು. "ಐತವಾರ ಎಲ್ಲರೂ ನಮ್ಮ ಮನಿಗೆ ಬರ್ರಿ. ಚಾ ಕುಡಕೋತ ಎದುರುಬದುರು ಕುಂತು ಜಗಳಾಡ್ರಿ," ಎಂದು ಬರೆದಳು.

ಪೂನಮ್ ಹೋಗಬಾರದೆಂದುಕೊಂಡಳು. ಐತವಾರ ಬೆಳಿಗ್ಗೆ ಎರಡು ಸಲ ಡ್ರೆಸ್ ಬದಲಿಸಿ, ವಾಡಿಯ ರೈಲು ಹತ್ತಿದಳು.

ತಾಜುನ್ನಿಸಾಳ ಮನೆಯ ಮೇಲಿನ ಕೋಣೆಯಲ್ಲಿ ಐದು ಮಂದಿ ಸೇರಿದ್ದರು. ಕಿಟಕಿಯ ಪಕ್ಕ ಕೂತವನು ಮಾತಾಡುವ ಮೊದಲೇ ಅವಳಿಗೆ ಗುರುತಾಯಿತು. ಎಷ್ಟು ತಿಕ್ಕಿದರೂ ಹೋಗದ ಫರಸಿಯ ಬಿಳಿಪುಡಿ ಅವನ ಉಗುರಿನ ಸಂದಿಯಲ್ಲಿತ್ತು. ಅಗಲ ಹೆಗಲು, ಹೊಸದಾಗಿ ಬಾಚಿದ ಕೂದಲು. ಮೆಟ್ಟಿಲಲ್ಲಿ ಸಪ್ಪಳವಾದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದ.

"ಸಂಘಪಾಲ ಅಣ್ಣ ಬರ್ಲಿಲ್ಲೇನ್ರಿ?" ಎಂದು ಕೊನೆಗೆ ಕೇಳೇಬಿಟ್ಟ.

"ಬಂದಾನಲ್ರಿ," ಎಂದಳು ಪೂನಮ್.

"ಎಲ್ಲಿ?"

"ಡ್ರಮ್ಮು ಡಬ್ಬದೊಳಗ ಕುಂತಂಗದ ಅಂದವ ನಾನೇ."

ಬೀರಲಿಂಗನ ಕೈಯ ಚಹಾ ಅರ್ಧದಾರಿಯಲ್ಲೇ ನಿಂತಿತು. ಅವನ ಕಣ್ಣು ಅವಳ ಮುಖಕ್ಕೆ ಬಂದು, ಕೆಳಗಿಳಿದು, ತಡೆಯಲಾರದೆ ಮತ್ತೆ ಬಂತು. ಕಿವಿಯ ತುದಿಯಿಂದ ಶುರುವಾದ ಕೆಂಪು ಕೊರಳವರೆಗೆ ಇಳಿಯಿತು. ತಾಜುನ್ನಿಸಾ ಬಿದ್ದು ಬಿದ್ದು ನಕ್ಕಳು.

"ನಾಕು ತಿಂಗಳು ಅಣ್ಣಾ ಅಂದೀನಲ್ರಿ!" ಎಂದ ಬೀರಲಿಂಗ.

"ಇನ್ನ ಮುಂದರ ಬಿಡ್ರಿ," ಎಂದಳು ಪೂನಮ್. ಅಂದ ಮೇಲೆ ತಾನೇ ನಾಚಿ ಬಿಸ್ಕೀಟಿನ ತಟ್ಟೆಯನ್ನು ಕಾರಣವಿಲ್ಲದೆ ಅತ್ತಿತ್ತ ಸರಿಸಿದಳು.

ಉಳಿದವರು ಮಾಳಿಗೆಯ ಮೇಲೆ ಫೋಟೋ ತೆಗೆಸಿಕೊಳ್ಳಲು ಹೋದಾಗ ಅವಳು ಪರ್ಸಿನಿಂದ ವೈರಿನ ಇಯರ್‌ಫೋನು ತೆಗೆದಳು. "ಬರ್ರಿ, ಇವತ್ತು ಫೈಸಲಾ ಆಗೇಬಿಡ್ಲಿ. ಆ ದನಿ ಬಲಗಡೇನೇ ಅದ. ಬಲಗಡೀದು ನೀವು ಹಾಕ್ಕೋರಿ, ಎಡಗಡೀದು ನಾ."

ವೈರು ಗಿಡ್ಡದಿತ್ತು. ಅವನು ಬಾಗಬೇಕಾಯಿತು. ಅವಳ ಹೆಗಲಿಗೂ ಅವನ ಹೆಗಲಿಗೂ ನಡುವೆ ಒಂದು ಬೊಗಸೆಯಷ್ಟು ಗಾಳಿ. ಅವನ ಅಂಗಿಯಿಂದ ಸೋಪಿನ ವಾಸನೆ ಬರುತ್ತಿತ್ತು. ಅವಳು ಹಾಡನ್ನು ಕಡೆಯ ಸಾಲಿನಿಂದಲೇ ಹಚ್ಚಿದಳು. ಆ ಸಾಲು ಮುಗಿದು ಗಿಟಾರು ಒಂದೇ ಉಳಿಯಿತು. ದನಿ ಎಲ್ಲಿ ಶುರುವಾಗುತ್ತದೆಂದು ಪೂನಮ್‌ಗೆ ಬಾಯಿಪಾಠ. ಅವನ ಮುಖ ಹೇಗೆ ಬದಲಾಗುತ್ತದೆಂದು ನೋಡಲು ಕಾದಳು.

ಅದು ಬದಲಾಗಲಿಲ್ಲ.

"ಇದೇನ್ರಿ, ನಿಮ್ಮ ಇಯರ್‌ಫೋನ್ ಕೆಟ್ಟದ," ಎಂದು ಅವನು ನಕ್ಕ. "ಈ ಕಡೆ ಏನೂ ಬರವಲ್ದು."

ಪೂನಮ್ ಆ ತುದಿಯನ್ನು ತೆಗೆದು ತನ್ನ ಕಿವಿಗಿಟ್ಟಳು. ಒಳಗಿನ ಹೆಣ್ಣುದನಿ ಸ್ಪಷ್ಟವಾಗಿ ಹಾಡುತ್ತಿತ್ತು. ಏನಾಗುತ್ತಿದೆಯೆಂದು ಯೋಚಿಸುವ ಮೊದಲೇ ಅವಳ ಕೈ ಹಾಡನ್ನು ಹಿಂದಕ್ಕೆ ಸರಿಸಿ, ಅದೇ ತುದಿಯನ್ನು ಅವನ ಎಡಗಿವಿಗೆ ಇಟ್ಟಿತು.

ಬೀರಲಿಂಗನ ನಗು ನಿಂತಿತು. ಅವನು ಕಣ್ಣು ಮುಚ್ಚಿದ. ನಲವತ್ತು ಸೆಕೆಂಡೂ ಮುಚ್ಚಿಕೊಂಡೇ ಇದ್ದ. ಆಮೇಲೆ ತುದಿಯನ್ನು ಬಲಗಿವಿಗೆ ತಾನೇ ಬದಲಿಸಿಕೊಂಡು, ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ ಇಟ್ಟು ನೋಡಿದ.

ಎಂಟು ವರ್ಷ ಕಲ್ಲು ಕೊಯ್ಯುವ ಚಕ್ರ ಅವನ ಬಲಗಡೆಗೇ ಕಿವಿಗಡಚಿಕ್ಕುವಂತೆ ತಿರುಗಿತ್ತು. ಫೋನಿನಲ್ಲಿ ಮಾತಾಡುವಾಗ ಅವನು ಯಾವಾಗಲೂ ಎಡಗಿವಿಗೇ ಹಿಡಿಯುತ್ತಿದ್ದ, ಹಾಗೇಕೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ನೀವೇ ಗೆದ್ರಿ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಎದ್ದು ಮೆಟ್ಟಿಲಿಳಿದು ಹೋದ. ಚಪ್ಪಲಿಯ ಸಪ್ಪಳ ಓಣಿಯ ತಿರುವಿನವರೆಗೆ ಕೇಳಿತು.

ಸಂಜೆ ಗುಂಪಿನಲ್ಲಿ ಒಂದು ಸಾಲು ಬಂತು. ಬೀರಲಿಂಗ ಗುಂಪನ್ನು ತೊರೆದಿದ್ದಾರೆ.

ಪೂನಮ್ ಅವನಿಗೆ ತನ್ನ ಸ್ವಂತ ಹೆಸರಿನಲ್ಲಿ ಬರೆದಳು. ಮೊದಲು, ತಪ್ಪಾಯಿತು ಎಂದು. ಆಮೇಲೆ, ಪ್ಲಾಂಟಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಿವಿ ಪರೀಕ್ಷೆಯ ವಿಷಯ: ಹೋದದ್ದು ತಿರುಗಿ ಬರುವುದಿಲ್ಲ, ಆದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದು ಡಾಕ್ಟರು ಹೇಳುತ್ತಾರೆಂದು. ಓದಿದ ಗುರುತು ಮೂಡುತ್ತಿತ್ತು. ಉತ್ತರ ಬರಲಿಲ್ಲ.

ಚಳಿ ಬಂತು. ರೈಲಿನ ಕಿಟಕಿಯಾಚೆ ತೊಗರಿ ಹೂಬಿಟ್ಟು ಹೊಲವೆಲ್ಲ ಹಳದಿಯಾಯಿತು, ಆಮೇಲೆ ಕಾಯಾಯಿತು. ಒಂದೂ ಹತ್ತಕ್ಕೆ ಅವಳು ಡಬ್ಬಿ ತೆರೆದು ಕೂರುತ್ತಿದ್ದಳು, ರೊಟ್ಟಿ ಮುರಿದು ಹಾಗೇ ಇಡುತ್ತಿದ್ದಳು. ಗುಂಪಿನಲ್ಲಿ ಯಾರೋ ಇಡೀ ಆಲ್ಬಮ್ಮು ಬೋಗಸ್ ಎಂದು ಬರೆದರೂ ಅವಳಿಗೆ ಜಗಳಾಡುವ ಮನಸ್ಸಾಗಲಿಲ್ಲ. ಎದುರುತ್ತರ ಕೊಡುವ ಆ ಒಂದು ದನಿ ಇಲ್ಲದ ಮೇಲೆ ಹಾಡುಗಳೂ ಚಪ್ಪಟೆಯಾಗಿ ಕೇಳಿಸುತ್ತಿದ್ದವು.

"ಅಕ್ಕಾ," ಎಂದ ಸಂಘಪಾಲ ಒಂದು ದಿನ, ತಾನು ಕೊಟ್ಟಿದ್ದ ಹಳೆಯ ಫೋನಿನಲ್ಲಿ ಏನೋ ಹುಡುಕುತ್ತ, "ಈ ಮನಷ್ಯಾ ನನಗ ನಾಕು ತಿಂಗಳು ದಿನಾ ಗುಡ್ ಮಾರ್ನಿಂಗ್ ಅಂದಾನಲ್ಲ. ನನ್ನ ಹೆಸರಿನ್ಯಾಗ ಪ್ರೀತಿ ಮಾಡಿಯೇನು?"

ಅವಳು ನಗಲು ಹೋಗಿ ಅತ್ತಳು. ತಮ್ಮ ಗಾಬರಿಯಾಗಿ ನೀರು ತಂದ.

"ಅಳೋದ್ಯಾಕ? ಹೋಗಿ ಕೇಳು," ಎಂದ. "ಅಪ್ಪಗ ನಾ ಹೇಳ್ತೀನಿ."

ತಾಜುನ್ನಿಸಾ ವಿಚಾರಿಸಿದಾಗ, ಅವನು ಫರಸಿ ಕೆಲಸ ಬಿಟ್ಟು ಮುಧೋಳಕ್ಕೆ ಹೋಗಿದ್ದಾನೆಂದು ತಿಳಿಯಿತು. ಪೂನಮ್ ಕಲಬುರಗಿಯ ಕಿವಿ ಡಾಕ್ಟರ ಬಳಿ ಬುಧವಾರ ನಾಲ್ಕು ಗಂಟೆಗೆ ಅವನ ಹೆಸರಿಗೆ ನಂಬರು ಹಚ್ಚಿಸಿದಳು. ಬುಧವಾರ ಬೆಳಿಗ್ಗೆ ರಜೆ ಹಾಕಿ ಸೇಡಂಗೆ ಬಂದು ಮುಧೋಳದ ಬಸ್ಸು ಹತ್ತಿದಳು.

ಅವನ ತಾಯಿ ಹಣಮಮ್ಮ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು.

"ಯಾರವ್ವಾ ನೀ? ಯಾವೂರು?"

"ಚಿತ್ತಾಪುರದಾಕಿರಿ. ಬೀರಲಿಂಗ ಅವರ ಪರಿಚಯದಾಕಿ."

"ಯಾರ ಪೈಕಿ?"

ಈ ಪ್ರಶ್ನೆ ಬರುತ್ತದೆಂದು ಪೂನಮ್ ಬಸ್ಸಿನಲ್ಲೇ ಅಂದುಕೊಂಡಿದ್ದಳು. ಸುತ್ತಿ ಬಳಸಿ ಹೇಳುವ ಮನಸ್ಸಿರಲಿಲ್ಲ. "ನಾವು ಬೌದ್ಧರ್ರಿ," ಎಂದಳು.

ಹಣಮಮ್ಮನ ಕೈ ಮೊರದ ಮೇಲೆ ನಿಂತಿತು. ಹುಡುಗಿಯ ಮುಖ, ಧೂಳಾದ ಚಪ್ಪಲಿ, ಎದೆಗವಚಿದ ಪರ್ಸು, ಎಲ್ಲವನ್ನೂ ನಿಧಾನಕ್ಕೆ ನೋಡಿದಳು. ಆಮೇಲೆ ಕೈ ಮತ್ತೆ ಆಡಿತು. "ಹಿಂದ ಕುರಿ ಹಟ್ಟ್ಯಾಗ ಅದಾನ. ಜೋರಾಗಿ ಕರಿ. ಇತ್ತಿತ್ಲಾಗ ಕರದ್ರ ತಿರುಗಿ ನೋಡಂಗಿಲ್ಲ."

ಬೀರಲಿಂಗ ಬೇಲಿಗೆ ಮುಳ್ಳು ಕಟ್ಟುತ್ತಿದ್ದ. ತೆಳ್ಳಗಾಗಿದ್ದ. ಪೂನಮ್ ಕರೆಯಲಿಲ್ಲ. ಸುತ್ತಿಕೊಂಡು ಹೋಗಿ ಅವನ ಕಣ್ಣೆದುರು ನಿಂತಳು.

ಅವನ ಕೈಯ ಹಗ್ಗ ಜಾರಿತು.

"ನಾ ಹಾಡು ಕೇಳೋದು ಬಿಟ್ಟೀನ್ರಿ," ಎಂದ, ಬಗ್ಗಿ ಹಗ್ಗ ಎತ್ತಿಕೊಳ್ಳುತ್ತ.

"ನಾ ಹಾಡಿನ ಸಲುವಾಗಿ ಬಂದಿಲ್ಲ. ನಿಮ್ಮ ಸಲುವಾಗಿ ಬಂದೀನಿ. ಮೂರು ತಿಂಗಳಾತು, ಒಂದು ಮೆಸೇಜಿಗರ ಉತ್ತರ ಕೊಡಬಾರ್ದೇನು?"

"ಏನಂತ ಕೊಡ್ಲಿ?" ಅವನು ನೆಲ ನೋಡುತ್ತ ಹೇಳಿದ. "ಆ ದನಿ ಕೇಳ್ಸಿದ್ದಕ್ಕ ನಿಮ್ಮ ಮ್ಯಾಲೆ ಸಿಟ್ಟಿಲ್ಲ. ದಿನಾ ಒಂದೂ ಹತ್ತಕ್ಕ ನಿಮ್ಮ ಕೂಡ ಜಗಳಾಡ್ತಿದ್ನಲ್ಲ, ಅಷ್ಟು ಛಲೋ ನನಗ ಯಾವಾಗ್ಲೂ ಆಗಿದ್ದಿಲ್ಲ. ನೀವು ಅಣ್ಣ ಇದ್ದಾಗ್ಲೂ ಆ ಹೊತ್ತಿಗೇ ಕಾಯ್ತಿದ್ದೆ. ಅವತ್ತು ನಿಮ್ಮನ್ನ ನೋಡಿದ ಮ್ಯಾಲಂತೂ..." ಹಗ್ಗವನ್ನು ಮುಳ್ಳಿಗೆ ಸುತ್ತಿದ. "ಕಿವೀನೇ ಹೋದ ಮ್ಯಾಲೆ ಯಾತರ ಮ್ಯಾಲೆ ಜಗಳಾಡ್ಲಿ?"

"ಜಗಳಕ್ಕ ವಿಷಯ ಕಮ್ಮಿ ಅವೇನು?"

ಅವನ ತುಟಿಯ ಅಂಚು ಅಲುಗಿತು. ಅದು ನಗುವಾಗುವ ಮೊದಲೇ ಅಡಗಿತು. "ಕೆಲಸಾನೂ ಬಿಟ್ಟೀನಿ. ಮತ್ತ ನಿಮ್ಮ ಮನಿ, ನಮ್ಮ ಮನಿ... ನಿಮಗ ಗೊತ್ತಿಲ್ದೇನದ?"

"ಎಲ್ಲಾ ಗೊತ್ತದ. ನಿಮ್ಮ ಅವ್ವಗ ಈಗಷ್ಟೇ ಹೇಳಿ ಬಂದೀನಿ, ನಾವು ಯಾರಂತ."

ಬೀರಲಿಂಗ ತಲೆ ಎತ್ತಿದ. ಈ ಸಲ ಅವನ ಕಣ್ಣು ಕೆಳಗಿಳಿಯಲಿಲ್ಲ. ಅವಳ ಹಣೆಯ ಬೆವರು, ಗಾಳಿಗೆ ಕೆದರಿದ ಕೂದಲು, ಬಿಗಿಹಿಡಿದ ಗದ್ದ, ಒಂದೊಂದನ್ನೂ ಬಿಡದೆ ನೋಡಿದ.

"ನಾಕಕ್ಕ ಡಾಕ್ಟರ ಕಡೆ ನಂಬರ್ ಹಚ್ಚೀನಿ," ಎಂದಳು ಪೂನಮ್. "ಎಡಗಿವಿಯರ ಉಳೀಲಿ. ನನಗ ನಿಮ್ಮ ಕೂಡ ಭಾಳ ಮಾತಾಡೋದದ."

ಅವನು ಒಳಗೆ ಹೋಗಿ ಮುಖ ತೊಳೆದು ಅಂಗಿ ಬದಲಿಸಿ ಬಂದ. ಹಣಮಮ್ಮ ಒಪ್ಪಿಗೆಯ ಮಾತಾಡಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಮಗನಿಗೆ, "ರಾತ್ರಿ ಉಣ್ಣೋ ಹೊತ್ತಿಗರ ಬಾ," ಎಂದಳು. ಆಮೇಲೆ ಒಳಗಿಂದ ತಂಬಿಗೆ ತಂದು, "ಬಿಸಿಲಾಗ ಬಂದೀ. ನೀರು ಕುಡ್ದು ಹೋಗವ್ವಾ," ಎಂದು ಪೂನಮ್‌ಳ ಕೈಗೇ ಕೊಟ್ಟಳು.

ನಡು ಓಣಿಯಲ್ಲಿ ಅವರು ಜೊತೆಯಾಗಿ ನಡೆದರು. ಹೋಟೆಲಿನ ಮುಂದೆ ಕೂತವರು ಕೊರಳು ತಿರುಗಿಸಿ ನೋಡಿದರು. ಬೀರಲಿಂಗ ಹೆಜ್ಜೆ ಜೋರು ಮಾಡಲಿಲ್ಲ, ಹಿಂದೆಯೂ ಉಳಿಯಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಸೀಟು ಅವಳಿಗೆ ಬಿಟ್ಟು ಪಕ್ಕದಲ್ಲಿ ಕೂತ. ಊರಿನ ನಾಲ್ಕೈದು ಮಂದಿ ಹಿಂದಿನ ಸೀಟುಗಳಲ್ಲಿದ್ದರು. ಕಂಡಕ್ಟರು ಪೂನಮ್‌ಳ ಆಧಾರ್ ಕಾರ್ಡು ನೋಡಿ ಅವಳಿಗೆ ಸೊನ್ನೆಯ ಟಿಕೇಟು ಹರಿದುಕೊಟ್ಟ. ಆಮೇಲೆ ಬೀರಲಿಂಗನ ಬಲಮಗ್ಗುಲಲ್ಲಿ ನಿಂತು ಏನೋ ಕೇಳಿದ. ಬೀರಲಿಂಗ ಸುಮ್ಮನೆ ಮುಂದೆ ನೋಡುತ್ತಿದ್ದ. ಕಂಡಕ್ಟರು ಹೆಗಲು ತಟ್ಟಿದ. ಉತ್ತರ ತಾನೇ ಕೊಡಲೆಂದು ಪೂನಮ್ ಬಾಯಿ ತೆರೆದಳು.

ಅಷ್ಟರಲ್ಲಿ ಬೀರಲಿಂಗ ಪೂರ್ತಿ ತಿರುಗಿ ಕೂತ. "ಇನ್ನೊಮ್ಮೆ ಹೇಳ್ರಿ," ಎಂದ, ಹಿಂದಿನ ಸೀಟಿಗೂ ಕೇಳುವ ಹಾಗೆ. "ನನಗ ಈ ಕಿವಿ ಕೇಳಂಗಿಲ್ಲ."

"ಇವರ ಜೋಡಿ ಅದೀರೇನ್ರಿ ಅಂದೆ."

"ಹೌದ್ರಿ," ಎಂದ ಬೀರಲಿಂಗ. "ಇವರ ಜೋಡೀನೇ."